ಅಗ್ಗದ ಚಹಾವನ್ನು ಕಡಲಿಗೆ ಸುರಿದದ್ದೇಕೆ?

ಪದವಿಪೂರ್ವ ತರಗತಿಗೆ ಅಮೆರಿಕದ ಕ್ರಾಂತಿಯನ್ನು ಬೋಧಿಸುವಾಗ ನಾನು ಕಾರಣಗಳ ಪಟ್ಟಿಯಿಂದ ಆರಂಭಿಸುವುದಿಲ್ಲ. 1773ರ ಚಹಾ ಕಾಯ್ದೆಯಿಂದ ಚಹಾದ ಬೆಲೆ ಇಳಿಯುವಂತಿತ್ತು; ಹಾಗಿದ್ದರೂ ಬ್ರಿಟನ್ನಿನ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ಬಂದರು ನಗರ ಬೋಸ್ಟನ್ನಿನವರು 342 ಚಹಾ ಪೆಟ್ಟಿಗೆಗಳನ್ನು ನೀರಿಗೆ ಸುರಿದದ್ದೇಕೆ ಎಂದು ಕೇಳುತ್ತೇನೆ.

ಉತ್ತರಕ್ಕೆ ಮೊದಲು ಲೆಕ್ಕ ಹಾಕಿಸುತ್ತೇನೆ. ಚಹಾದ ತೂಕ ಸುಮಾರು 92,000 ಪೌಂಡ್, ಸುಂಕ ಪೌಂಡಿಗೆ ಮೂರು ಪೆನ್ಸ್. ಒಟ್ಟು 1,150 ಸ್ಟರ್ಲಿಂಗ್ ಪೌಂಡಿನ ಆಸುಪಾಸು. ಇಷ್ಟು ಸಣ್ಣ ಮೊತ್ತಕ್ಕಾಗಿ ಒಂದು ಸಾಮ್ರಾಜ್ಯ ಹಟ ಹಿಡಿಯಿತೇ ಎಂದು ಮಕ್ಕಳೇ ಕೇಳುವಾಗ 1766ಕ್ಕೆ ಹಿಂದಿರುಗುತ್ತೇವೆ. ಪತ್ರಿಕೆ, ನ್ಯಾಯಾಲಯದ ಕಾಗದಪತ್ರ, ಇಸ್ಪೀಟು ಎಲೆಗಳ ಮೇಲೂ ತೆರಿಗೆ ಹೇರಿದ್ದ ಸ್ಟಾಂಪ್ ಕಾಯ್ದೆಯನ್ನು ಆ ವರ್ಷ ರದ್ದುಪಡಿಸಿದ ಬ್ರಿಟಿಷ್ ಸಂಸತ್ತು, ಅದರ ಜೊತೆಯಲ್ಲೇ, ವಸಾಹತುಗಳಿಗೆ ಯಾವುದೇ ವಿಷಯದಲ್ಲಿ ಶಾಸನ ಮಾಡುವ ಅಧಿಕಾರ ತನಗಿದೆಯೆಂದು ಘೋಷಿಸಿತ್ತು. 1770ರಲ್ಲಿ ಗಾಜು, ಕಾಗದ, ಬಣ್ಣಗಳ ಸುಂಕವನ್ನು ತೆಗೆದು ಚಹಾದ್ದನ್ನು ಮಾತ್ರ ಉಳಿಸಿದ್ದೂ ಆ ಹಕ್ಕನ್ನು ಬಿಟ್ಟುಕೊಡಬಾರದೆಂದೇ. ಸಂಸತ್ತಿನಲ್ಲಿ ತಮ್ಮ ಪ್ರತಿನಿಧಿಯೇ ಇಲ್ಲದವರಿಗೆ ಆ ಚಹಾ ಕುಡಿಯುವುದೆಂದರೆ ಹಕ್ಕನ್ನು ಒಪ್ಪಿಕೊಂಡಂತೆ.

ಚಹಾ ಕಾಯ್ದೆಯ ಹಿಂದೆ, ಆ ಚಹಾವನ್ನು ಕಳಿಸಿದ ಈಸ್ಟ್ ಇಂಡಿಯಾ ಕಂಪನಿಯ ಹಣಕಾಸಿನ ಬಿಕ್ಕಟ್ಟಿತ್ತೆಂದು ಹೇಳುವಾಗ, 1769ರಲ್ಲಿ ಹೈದರ್ ಅಲಿಯ ದಾಳಿಗಳ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರುಗಳು ಕುಸಿದದ್ದನ್ನೂ ಸೇರಿಸುತ್ತೇನೆ. ತರಗತಿಯ ಕಿವಿ ನೆಟ್ಟಗಾಗುತ್ತದೆ. ಆದರೆ ಬೋಸ್ಟನ್ನಿನ ಘಟನೆಗೆ ಹೈದರನೇ ಕಾರಣನೆಂದು ಯಾರೂ ಬರೆಯದಂತೆ ಎಚ್ಚರಿಸಬೇಕಾಗುತ್ತದೆ.

ಹೆಚ್ಚು ಸಮಯವನ್ನು ನಾನು ಕೊಡುವುದು ಆ ಚಹಾ ಹೊತ್ತು ಬೋಸ್ಟನ್ನಿಗೆ ಬಂದ ಡಾರ್ಟ್‌ಮತ್ ಹಡಗಿಗೆ. ಬಂದರಿಗೆ ಬಂದ ಸರಕಿನ ಸುಂಕವನ್ನು ಇಪ್ಪತ್ತು ದಿನಗಳೊಳಗೆ ಕಟ್ಟದಿದ್ದರೆ ಅಧಿಕಾರಿಗಳು ಅದನ್ನು ವಶಪಡಿಸಿಕೊಳ್ಳಬಹುದಿತ್ತು. ಸುಂಕ ತೆರದೆ ಹಡಗು ಹಿಂದಿರುಗಲು ಮ್ಯಾಸಚೂಸೆಟ್ಸ್‌ನ ಗವರ್ನರ್ ಹಚಿನ್ಸನ್ ಅನುಮತಿ ಕೊಡಲಿಲ್ಲ. ಚಹಾ ಪಡೆಯಬೇಕಿದ್ದ ವರ್ತಕರಲ್ಲಿ ಅವನ ಮಕ್ಕಳೂ ಇದ್ದರು. ಗಡುವು ಮುಗಿಯುವ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಪೆಟ್ಟಿಗೆಗಳನ್ನು ಒಡೆಯಲಾಯಿತು.

ನನ್ನ ದೃಷ್ಟಿಯಲ್ಲಿ ಪ್ರತಿಭಟನೆ ಕ್ರಾಂತಿಯತ್ತ ಹೊರಳಿದ್ದು ಆ ರಾತ್ರಿಯಲ್ಲ, ಅದಕ್ಕಾಗಿ ಬ್ರಿಟಿಷ್ ಸಂಸತ್ತು 1774ರಲ್ಲಿ ವಿಧಿಸಿದ ದಂಡನೆಯಲ್ಲಿ. ಬಂದರನ್ನು ಮುಚ್ಚಿ, ಮ್ಯಾಸಚೂಸೆಟ್ಸ್‌ನ ಆಡಳಿತಕ್ಕೆ ಆಧಾರವಾಗಿದ್ದ ಸನ್ನದನ್ನೇ ತಿದ್ದಿದಾಗ ಉಳಿದ ವಸಾಹತುಗಳಿಗೂ ಭಯ ಹುಟ್ಟಿತು. ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ಚಹಾ ನಾಶಪಡಿಸಿದ್ದನ್ನು ಮೆಚ್ಚದ ವರ್ಜೀನಿಯಾದ ಜಾರ್ಜ್ ವಾಷಿಂಗ್ಟನ್ ಕೂಡ ಬೋಸ್ಟನ್ನಿನ ಹೋರಾಟ ಇಡೀ ಅಮೆರಿಕದ್ದು ಎಂದು ಆ ವರ್ಷವೇ ಪತ್ರವೊಂದರಲ್ಲಿ ಬರೆದಿದ್ದ.