ನಡುಗಡ್ಡೆ ಉಳಿಸಬೇಕೆ? ನಕ್ಷೆಯಲ್ಲಿ ಎರಡು ದಡ ಎಳೆಯಿರಿ

ನದಿ, ಸರೋವರಗಳ ನಡುಗಡ್ಡೆಗಳನ್ನು ನಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದೇ ಗೆರೆಯಿಂದ ಗುರುತಿಸಿರುತ್ತಾರೆ. ಸಂರಕ್ಷಣೆಯ ಯೋಜನೆಗಳು ಎಡವುವುದು ಇಲ್ಲೇ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ 30,000ಕ್ಕೂ ಹೆಚ್ಚು ನಡುಗಡ್ಡೆಗಳಿವೆ. ಅಲ್ಲಿನ ಮಿಷಿಗನ್-ಹ್ಯೂರಾನ್ ಸರೋವರಗಳಲ್ಲಿ 1986ರ ಅಕ್ಟೋಬರ್‌ನ ನೀರಿನ ಮಟ್ಟಕ್ಕೂ 2013ರ ಜನವರಿಯ ಮಟ್ಟಕ್ಕೂ ಸುಮಾರು 1.9 ಮೀಟರ್ ವ್ಯತ್ಯಾಸ. ಇಳಿಜಾರು ಕಡಿಮೆಯಿರುವ ಕಡೆ ಅಷ್ಟು ನೀರು ಇಳಿದರೆ ನೀರಿನ ಅಂಚು ನೂರು ಮೀಟರಿಗೂ ಹೆಚ್ಚು ಹಿಂದೆ ಸರಿಯಬಹುದು. ನೀರು ಇಳಿದಾಗ ಬಯಲಾದ ಕೆಸರಿನಲ್ಲಿ ಹುದುಗಿದ್ದ ಬೀಜಗಳು ಮೊಳೆಯುತ್ತವೆ. ಏರಿದಾಗ ಮುಳುಗಿದ ಅದೇ ಗಿಡಗಳ ನಡುವೆ ಮೀನು ಮೊಟ್ಟೆಯಿಡುತ್ತದೆ. ಮೊದಲು ಕಾಪಾಡಬೇಕಾದದ್ದು ಎರಡು ದಡಗಳ ನಡುವಿನ ಈ ನೆಲದ ಪಟ್ಟಿಯನ್ನು. ಒಂದೇ ಗೆರೆಯ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ.

ಚಿತ್ರ ಮತ್ತು ತಂತ್ರಾಂಶ

ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳೂ ಉಚಿತ. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಇಳಿಸಿಕೊಳ್ಳಬಹುದು. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಹೆಕ್ಟೇರ್ ನಡುಗಡ್ಡೆಗೆ ನೂರು ಪಿಕ್ಸೆಲ್ ಸಿಗುತ್ತವೆ, ಕೆಲಸಕ್ಕೆ ಸಾಕು. ಇಪ್ಪತ್ತು ಮೀಟರಿನ ಬಂಡೆಗೆ ನಾಲ್ಕೇ ನಾಲ್ಕು. ಅಷ್ಟು ಚಿಕ್ಕದಕ್ಕೆ ಉಪಗ್ರಹವನ್ನು ನಂಬಬೇಡಿ, ಡ್ರೋನ್ ಅಥವಾ ದೋಣಿಯೇ ದಾರಿ.

ಚಿತ್ರದ ದಿನಾಂಕ ಆರಿಸುವ ಮುನ್ನ ಹತ್ತಿರದ ನೀರಿನ ಮಟ್ಟದ ಮಾಪಕದ ದಾಖಲೆ ತೆರೆಯಿರಿ. ನೀರು ತೀರಾ ಹೆಚ್ಚಿದ್ದ ಒಂದು ದಿನ, ತೀರಾ ಇಳಿದಿದ್ದ ಒಂದು ದಿನ, ಎರಡೂ ಮೋಡವಿಲ್ಲದವು: ಇಷ್ಟು ಬೇಕು. ಕ್ಯಾಲೆಂಡರಿನ ಋತು ನೋಡಿ ಅಂದಾಜಿಸಿದರೆ ಸಾಲದು.

ನೀರು, ನೆಲ ಬೇರ್ಪಡಿಸುವುದು

ನೀರು ಇನ್‌ಫ್ರಾರೆಡ್ ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ, ಹಸಿರೆಲೆ ಅದನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. 1996ರಲ್ಲಿ ಪ್ರಕಟವಾದ, ನೀರು ಗುರುತಿಸುವ ಎನ್‌ಡಿಡಬ್ಲ್ಯುಐ ಸೂತ್ರ ನಿಂತಿರುವುದು ಇದರ ಮೇಲೆ. ಉಪಗ್ರಹ ಒಂದೊಂದು ಬಗೆಯ ಬೆಳಕನ್ನು ಒಂದೊಂದು ಬ್ಯಾಂಡ್‌ನಲ್ಲಿ ದಾಖಲಿಸುತ್ತದೆ. ಹಸಿರು ಬ್ಯಾಂಡ್‌ನಿಂದ (ಸೆಂಟಿನೆಲ್‌ನಲ್ಲಿ 3ನೆಯದು) ಇನ್‌ಫ್ರಾರೆಡ್ ಬ್ಯಾಂಡನ್ನು (8ನೆಯದು) ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಹಿಂದಕ್ಕೆ ಬಂದ ಬೆಳಕಿನ ಪಾಲು ಹಸಿರಿನಲ್ಲಿ 0.06, ಇನ್‌ಫ್ರಾರೆಡ್‌ನಲ್ಲಿ 0.02 ಇದ್ದರೆ ಉತ್ತರ 0.5, ಅದು ನೀರು. ಹಸಿರು 0.05, ಇನ್‌ಫ್ರಾರೆಡ್ 0.35 ಇದ್ದರೆ -0.75, ಅದು ಮರಗಿಡ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಸೂತ್ರ ಬರೆದರೆ ಇಡೀ ಚಿತ್ರದ ಲೆಕ್ಕ ಒಮ್ಮೆಗೇ ಮುಗಿಯುತ್ತದೆ. ಸೊನ್ನೆಯನ್ನು ಗಡಿಯಾಗಿಟ್ಟು ಶುರುಮಾಡಿ, ಆಮೇಲೆ ಸ್ಥಳಕ್ಕೆ ತಕ್ಕಂತೆ ಕೊಂಚ ಸರಿಸಿ.

ಈ ಸೂತ್ರ ಮೋಸಹೋಗುವ ಜಾಗಗಳೂ ಉಂಟು. ನೀರಿನಲ್ಲೇ ನಿಂತ ಜೊಂಡು, ತೇಲುವ ಪಾಚಿ ನೆಲದಂತೆ ಕಾಣುತ್ತವೆ. ಒದ್ದೆ ಕೆಸರು ನೀರಿನಂತೆ ತೋರಬಹುದು. ದಡದಿಂದ ಬಾಗಿದ ಮರದ ಕೊಂಬೆಗಳು ನಿಜವಾದ ಅಂಚನ್ನು ಮುಚ್ಚುತ್ತವೆ. ಆದ್ದರಿಂದ ಕ್ಯೂಫೀಲ್ಡ್ ಆ್ಯಪ್‌ಗೆ ನಕ್ಷೆ ಹಾಕಿಕೊಂಡು ಅನುಮಾನದ ಜಾಗಗಳಿಗೆ ಖುದ್ದಾಗಿ ಹೋಗಿ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ನೆನಪಿರಲಿ.

ಎರಡೂ ದಿನಗಳ ದಡವನ್ನು ಪಾಲಿಗನ್ (ಮುಚ್ಚಿದ ಆಕೃತಿ) ಮಾಡಿಕೊಂಡು ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿಯುವುದೇ ನಮಗೆ ಬೇಕಾದ ಪಟ್ಟಿ. ವಿಸ್ತೀರ್ಣ ಅಳೆಯುವ ಮುನ್ನ ಲೇಯರನ್ನು (ನಕ್ಷೆಯ ಪದರ) ಡಿಗ್ರಿಯಿಂದ ಮೀಟರ್ ಲೆಕ್ಕದ ಯುಟಿಎಂ ಎಂಬ ನಿರ್ದೇಶಾಂಕ ಪದ್ಧತಿಗೆ ಬದಲಿಸಿಕೊಳ್ಳಿ.

ಹಳೆಯ ದಡ, ಎದುರಿನ ದಡ

ನದಿಯ ನಡುಗಡ್ಡೆಯಾದರೆ ಹಿಂದಿನ ದಶಕಗಳನ್ನೂ ನೋಡಲೇಬೇಕು. ಬ್ರಹ್ಮಪುತ್ರದ ಮಾಜುಲಿ ಒಂದು ಶತಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಕಳೆದುಕೊಂಡಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ 30 ಮೀಟರ್ ಪಿಕ್ಸೆಲ್‌ನ ಚಿತ್ರಗಳು 1980ರ ದಶಕದಿಂದ ಸಿಗುತ್ತವೆ. ಹತ್ತು ವರ್ಷಕ್ಕೊಂದು ದಡ ಎಳೆದರೆ ಯಾವ ಬದಿ ಕೊರೆಯುತ್ತಿದೆ, ಯಾವ ಬದಿ ಬೆಳೆಯುತ್ತಿದೆ ಎಂಬುದು ಗೊತ್ತಾಗುತ್ತದೆ. ಕೊರೆಯುವ ಬದಿಯಲ್ಲಿ ಸಸಿ ನೆಡಲು ಹಣ ಸುರಿಯುವುದು ನನಗೆ ಸರಿ ಕಾಣದು.

ನಡುಗಡ್ಡೆಯ ದಡದಿಂದ ಎದುರಿನ ದಡಕ್ಕೆ ಇರುವ ದೂರವನ್ನೂ ಅಳೆಯಿರಿ, ಚಳಿನಾಡಾದರೆ ಹಿಮಗಟ್ಟುವ ದಿನಗಳ ಲೇಯರ್ ಸೇರಿಸಿ. ಸುಪೀರಿಯರ್ ಸರೋವರದ ಐಲ್ ರಾಯಲ್ ನಡುಗಡ್ಡೆಗೆ 1940ರ ದಶಕದ ಕೊನೆಯಲ್ಲಿ ತೋಳಗಳು ಬಂದದ್ದು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು. ಹಿಮದ ಆ ಸೇತುವೆ ಅಪರೂಪವಾದಂತೆ ಹೊಸ ತೋಳಗಳು ಬರುವುದೂ ಬಹುತೇಕ ನಿಂತಿತು. ಹತ್ತಿರದ ಬಂಧುಗಳ ನಡುವಿನ ಒಳಸಂತಾನದಿಂದ ಸೊರಗಿ ಎರಡೇ ತೋಳಗಳು ಉಳಿದಾಗ, 2018ರಿಂದ ಹೊರಗಿನವನ್ನು ತಂದುಬಿಡಬೇಕಾಯಿತು. ಬರೀ ಕಿಲೋಮೀಟರ್ ಅಳೆದಿದ್ದರೆ ಈ ಅಪಾಯ ತಿಳಿಯುತ್ತಿರಲಿಲ್ಲ.

ನಿರ್ಧಾರಕ್ಕೆ ಇಳಿಸುವುದು

ಈಗ ಗೂಡುಗಳ ಜಾಗ, ದೋಣಿ ನಿಲ್ಲುವ ಜಾಗ, ಹೊರಗಿನ ಕಳೆ ಕಂಡ ಜಾಗಗಳನ್ನು ಪಟ್ಟಿಯ ಮೇಲೆ ಹೊಂದಿಸಿ. ಗೂಡೂ ದೋಣಿಯೂ ಒಂದೆಡೆ ಕೂಡಿದ್ದರೆ ಮರಿ ಮಾಡುವ ಋತುವಿನಲ್ಲಿ ಆ ದಡ ಮುಚ್ಚುವಂತೆ ಕೇಳಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ. ಕಳೆ ಬಹುಪಾಲು ದೋಣಿ ನಿಲ್ಲುವಲ್ಲೇ ಮೊದಲು ಕಾಲಿಡುತ್ತದೆ, ಕಾವಲು ಅಲ್ಲಿರಲಿ.

ನಕ್ಷೆ ಹಂಚುವಾಗ ಗೂಡಿನ ನಿಖರ ಬಿಂದುಗಳನ್ನು ತೆಗೆದುಬಿಡಿ. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣವೂ ಅಪಾಯದಲ್ಲಿರುವ ಜೀವಿಗಳ ನೆಲೆಯನ್ನು 0.2 ಡಿಗ್ರಿಯ ಚೌಕದೊಳಗೆ ಮಸುಕುಮಾಡಿ ತೋರಿಸುತ್ತದೆ. ನಿಖರ ಪ್ರತಿ ನಡುಗಡ್ಡೆಯನ್ನು ನೋಡಿಕೊಳ್ಳುವವರ ಬಳಿ ಮಾತ್ರ ಇರಲಿ. ಎರಡೂ ದಡಗಳ ಪಕ್ಕ ಚಿತ್ರದ ದಿನಾಂಕ, ಆ ದಿನದ ನೀರಿನ ಮಟ್ಟ ಬರೆದಿಡಿ. ಮುಂದಿನ ಬಾರಿ ನೀರು ಇನ್ನೂ ಮೇಲೇರಿದರೆ ಹೋಲಿಸಲು ಅವು ಬೇಕಾಗುತ್ತವೆ.