ಕೊತ್ತಂಬರಿ ‘ಬೀಜ’ ಬೀಜವಲ್ಲ! ಹಣ್ಣು ಯಾವುದು, ಬೀಜ ಯಾವುದು ಗುರುತಿಸುವುದು ಹೇಗೆ?

ಮೇ ತಿಂಗಳ ರಜೆಗೆ ಅಣ್ಣನ ಮಗ ಕಾರವಾರದಿಂದ ಶಿರಸಿಗೆ ಬಂದಿದ್ದ. ಏಳನೇ ಕ್ಲಾಸು. ಚೀಲದಲ್ಲಿ ಒಂದು ಪ್ರಾಜೆಕ್ಟು: ಇಪ್ಪತ್ತು ಬಗೆಯ ಬೀಜ ಸಂಗ್ರಹಿಸಿ ರಟ್ಟಿಗೆ ಅಂಟಿಸಬೇಕು. ಹುಡುಗ ಸೀದಾ ಅಡುಗೆಮನೆಗೆ ನುಗ್ಗಿದ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಂದು ಹಿಡಿ ಭತ್ತ, ಸಿಪ್ಪೆ ಸಮೇತದ ಗೇರುಬೀಜ. ಹತ್ತೇ ನಿಮಿಷದಲ್ಲಿ ಐದು ಅಂಟಿಸಿ, ‘ಅತ್ತೆ, ನೋಡು’ ಅಂತ ತಂದು ಹಿಡಿದ. ನನಗೆ ನಗು ಬಂತು. ಆ ಐದರಲ್ಲಿ ಒಂದೂ ಬೀಜ ಅಲ್ಲ. ಐದೂ ಹಣ್ಣು.

ಅವನ ತಪ್ಪೇನೂ ಇಲ್ಲ. ನಾವು ಅಡುಗೆಮನೆಯಲ್ಲಿ ಬಳಸುವ ಮಾತೇ ಬೇರೆ, ಗಿಡದ ಲೆಕ್ಕವೇ ಬೇರೆ. ಸಿಹಿ ಇದ್ದರೆ ಹಣ್ಣು, ಸಾಂಬಾರಿಗೆ ಹಾಕಿದರೆ ಕಾಯಿ, ಗಟ್ಟಿಯಾಗಿ ಚಿಕ್ಕದಾಗಿ ಇದ್ದರೆ ಬೀಜ ಅನ್ನುತ್ತೇವೆ. ಗಿಡ ನೋಡುವುದು ಒಂದನ್ನೇ: ಹೂವಿನ ಯಾವ ಭಾಗ ಏನಾಯಿತು? ಅದನ್ನು ಕಂಡುಕೊಳ್ಳಲು ಲ್ಯಾಬು ಬೇಡ. ಒಂದು ಮೆಟ್ಟುಗತ್ತಿ, ಒಂದು ಭೂತಗನ್ನಡಿ, ಹಳೇ ಪೇಪರು ಸಾಕು. ಮಕ್ಕಳಿದ್ದರೆ ಕತ್ತಿಯ ಕೆಲಸ ದೊಡ್ಡವರೇ ಮಾಡಿ.

ಮೊದಲು ಒಂದು ಬೆಂಡೆ ಹೂ ಕೊಯ್ಯಿರಿ

ಬೆಂಡೆಯ ಹಳದಿ ಹೂ ಒಂದನ್ನು ತೆಗೆದುಕೊಂಡು ಎಸಳುಗಳನ್ನೆಲ್ಲ ಕಿತ್ತುಹಾಕಿ. ತಳದಲ್ಲಿ ಹಸಿರಾದ ಒಂದು ಪುಟ್ಟ ಮೊನೆ ಉಳಿಯುತ್ತದೆ. ಅದೇ ಅಂಡಾಶಯ. ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸಿ ಭೂತಗನ್ನಡಿ ಹಿಡಿದರೆ ಐದು ಕೋಣೆ ಕಾಣುತ್ತವೆ. ಒಳಗೆ ಸಣ್ಣ ಬಿಳಿ ಚುಕ್ಕಿಗಳು. ಈಗ ಒಂದು ಬೆಂಡೆಕಾಯಿಯನ್ನೂ ಹಾಗೇ ಅಡ್ಡ ಕತ್ತರಿಸಿ ಪಕ್ಕದಲ್ಲಿಡಿ. ಅದೇ ಐದು ಕೋಣೆ, ಅದೇ ಚುಕ್ಕಿ. ದೊಡ್ಡದಾಗಿದೆ, ಅಷ್ಟೇ.

ಪರಾಗ ಬಿದ್ದು ಫಲ ಕಟ್ಟಿದ ಮೇಲೆ ಅಂಡಾಶಯ ಹಣ್ಣಾಗುತ್ತದೆ, ಒಳಗಿನ ಚುಕ್ಕಿಗಳು ಬೀಜವಾಗುತ್ತವೆ. ಉಳಿದದ್ದೆಲ್ಲ ಇದರದ್ದೇ ಆಟ. ಈ ಲೆಕ್ಕದಲ್ಲಿ ಬೆಂಡೆ, ಬದನೆ, ಮೆಣಸಿನಕಾಯಿ, ಸೌತೆ ಎಲ್ಲವೂ ಹಣ್ಣುಗಳೇ.

ಎರಡು ಗುರುತು ಹುಡುಕಿ

ಕೈಯಲ್ಲಿರುವುದು ಹಣ್ಣೋ ಬೀಜವೋ ಅಂತ ಅನುಮಾನ ಬಂದರೆ ಒಂದು ಸುಲಭದ ಉಪಾಯ ಇದೆ. ಹಣ್ಣಿಗೆ ಎರಡು ಗುರುತು ಇರುತ್ತವೆ. ಒಂದು ತೊಟ್ಟು ಇದ್ದ ಜಾಗ, ಇನ್ನೊಂದು ಹೂವಿನ ತುದಿ ಒಣಗಿ ಉದುರಿದ ಜಾಗ. ಬೀಜಕ್ಕೆ ಒಂದೇ ಗುರುತು. ಹಣ್ಣಿನ ಒಳಗೆ ಅದು ಅಂಟಿಕೊಂಡಿದ್ದ ಜಾಗ, ಅಂದರೆ ಅದರ ಹೊಕ್ಕುಳು.

ಕೊತ್ತಂಬರಿ ಕಾಳು ಹಿಡಿದು ನೋಡಿ. ಒಂದು ತುದಿಯಲ್ಲಿ ಕಡ್ಡಿಯ ತುಣುಕು, ಇನ್ನೊಂದು ತುದಿಯಲ್ಲಿ ಸಣ್ಣ ಕೊಕ್ಕು. ಎರಡು ಗುರುತು, ಅಂದರೆ ಹಣ್ಣು. ಅಂಗೈಯಲ್ಲಿ ಒತ್ತಿ ಉಜ್ಜಿದರೆ ಎರಡು ಹೋಳಾಗುತ್ತದೆ. ಬೀಜ ಇರುವುದು ಒಂದೊಂದು ಹೋಳಿನ ಒಳಗೆ. ಜೀರಿಗೆಯದೂ ಇದೇ ಕತೆ. ಅವರೆ ಕಾಳು ಹಿಡಿದರೆ ಒಂದೇ ಉದ್ದನೆಯ ಬಿಳಿ ಗುರುತು. ಅದು ಬೀಜ.

ಕಾಳುಮೆಣಸಿನ ವಿಷಯ ಇನ್ನೂ ಚೆನ್ನಾಗಿದೆ. ಕರಿಮೆಣಸಿನ ಸುಕ್ಕು ಚರ್ಮ ಅಂದರೆ ಒಣಗಿದ ಹಣ್ಣಿನ ತಿರುಳು. ಬಳ್ಳಿಯಲ್ಲೇ ಹಣ್ಣಾದ ಮೆಣಸನ್ನು ನೆನೆಸಿ ಸಿಪ್ಪೆ ತಿಕ್ಕಿ ತೆಗೆದರೆ ಬೋಳಕಾಳು, ಅಂದರೆ ಬಿಳಿ ಮೆಣಸು ಸಿಗುತ್ತದೆ. ಅಲ್ಲಿಗೆ ತಿರುಳು ಹೋಗಿ ಒಳಗಿನ ಕಾಳಷ್ಟೇ ಉಳಿಯಿತು. ಒಂದೇ ಬಳ್ಳಿಯದ್ದು, ಒಂದು ಡಬ್ಬಿಯಲ್ಲಿ ಹಣ್ಣು, ಇನ್ನೊಂದರಲ್ಲಿ ಬೀಜ!

ಭತ್ತಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹಣ್ಣಿನ ಗೋಡೆ ಬೀಜದ ಸಿಪ್ಪೆಗೇ ಅಂಟಿ ಒಂದಾಗಿಬಿಟ್ಟಿದೆ. ಹೊರಗಿನ ಹೊಟ್ಟು ಹಣ್ಣಿನ ಭಾಗವೇ ಅಲ್ಲ, ಅದು ಹೂವಿನ ಹೊದಿಕೆ. ಹೊಟ್ಟು ಬಿಡಿಸಿದಾಗ ಸಿಗುವ ಕೆಂಪು ಅಥವಾ ಕಂದು ಕಾಳೇ ಇಡೀ ಹಣ್ಣು. ಕುಮಟಾದ ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಭತ್ತ ಸಿಕ್ಕರೆ ಅದರಲ್ಲೇ ನೋಡಿ. ಮಿಲ್ಲಿಗೆ ಹಾಕಿ ಪಾಲಿಷ್ ಮಾಡಿಸಿದರೆ ಆ ಸಿಪ್ಪೆ ತೌಡಾಗಿ ಹೋಗುತ್ತದೆ. ಬಿಳಿ ಅಕ್ಕಿಯ ಒಂದು ತುದಿಯಲ್ಲಿ ಸಣ್ಣ ತಗ್ಗು ಇರುತ್ತದಲ್ಲ, ಮೊಳಕೆಯ ಭಾಗ ಕೂತಿದ್ದ ಜಾಗ ಅದು.

ಈಗ ಪದರ ಎಣಿಸಿ

ಹಣ್ಣಿನ ಗೋಡೆಗೆ ಸಾಮಾನ್ಯವಾಗಿ ಮೂರು ಪದರ. ಮಾವಿನಲ್ಲಿ ಸಿಪ್ಪೆ ಹೊರಪದರ, ನಾವು ತಿನ್ನುವುದು ನಡುಪದರ, ಗೊರಟಿನ ಗಟ್ಟಿ ಚಿಪ್ಪು ಒಳಪದರ. ಬೀಜ ಆ ಚಿಪ್ಪಿನ ಒಳಗಿದೆ. ಹೀಗೆ ಒಳಪದರ ಕಲ್ಲಿನಂತಾದ ಹಣ್ಣಿಗೆ ಡ್ರೂಪ್ ಅನ್ನುತ್ತಾರೆ. ಅಪ್ಪೆಮಿಡಿ ಉಪ್ಪಿಗೆ ಹಾಕುವಾಗ ಎಳೆಯದನ್ನೇ ಯಾಕೆ ಕೊಯ್ಯುತ್ತೇವೆ ಹೇಳಿ? ಆಗ ಈ ಚಿಪ್ಪು ಇನ್ನೂ ಬಲಿತಿರುವುದಿಲ್ಲ, ಕತ್ತಿ ಸಲೀಸಾಗಿ ಇಳಿಯುತ್ತದೆ.

ತೆಂಗಿನಕಾಯಿಯೂ ಡ್ರೂಪೇ. ನಡುಪದರ ರಸದ ಬದಲು ನಾರಾಗಿದೆ, ಒಳಪದರ ಕರಟವಾಗಿದೆ. ಕರಟದ ಒಳಗಿರುವುದೆಲ್ಲ ಬೀಜ. ಕಾಯಿಯೂ ಎಳನೀರೂ ಮರಿಗಿಡಕ್ಕೆ ಕಟ್ಟಿಟ್ಟ ಬುತ್ತಿ, ಒಂದು ಗಟ್ಟಿ, ಒಂದು ನೀರು. ಕರಟದ ಮೇಲೆ ಮೂರು ಕಣ್ಣು ಇವೆ. ಹೂವಿನಲ್ಲಿ ಮೂರು ಕೋಣೆ ಇದ್ದ ಗುರುತು ಅದು. ಎರಡು ಕೋಣೆ ಬೆಳೆಯದೆ ಉಳಿದು, ಒಂದು ಮಾತ್ರ ಬೀಜ ಕಟ್ಟುತ್ತದೆ. ಮೂರೂ ಕಣ್ಣನ್ನು ಮೊಳೆಯಿಂದ ಚುಚ್ಚಿ ನೋಡಿ. ಎರಡು ಜಪ್ಪಯ್ಯ ಅಂದರೂ ಬಿಡುವುದಿಲ್ಲ, ಒಂದು ಮೆತ್ತಗೆ ಇಳಿಯುತ್ತದೆ. ಮೊಳಕೆ ಬರುವುದು ಆ ಮೆತ್ತನೆಯ ಕಣ್ಣಿನಿಂದಲೇ. ಮೊಳಕೆ ಬಂದ ಕಾಯಿ ಒಡೆದರೆ ಒಳಗೆ ಬಿಳಿ ಸ್ಪಂಜಿನಂಥ ಉಂಡೆ ಸಿಗುತ್ತದೆ. ಮಕ್ಕಳು ಜಗಳ ಮಾಡಿ ತಿನ್ನುವುದು ಅದನ್ನೇ. ಅದು ಬೀಜದಳ. ಕಾಯಿಯನ್ನು ಹೀರಿ ಗಿಡಕ್ಕೆ ಊಟ ಸಾಗಿಸುತ್ತಿರುತ್ತದೆ.

ಅಡಿಕೆಯದ್ದೂ ಹೀಗೇ, ನಾರಿನ ಸಿಪ್ಪೆಯ ಒಳಗೆ ಒಂದೇ ಬೀಜ. ಅಡಕತ್ತರಿಯಲ್ಲಿ ಹೋಳು ಮಾಡಿದಾಗ ಕಾಣುವ ಕಂದು-ಬಿಳಿ ಗೆರೆಗಳ ಚಿತ್ತಾರ ನೋಡಿದ್ದೀರಲ್ಲ? ಬೀಜದ ಸಿಪ್ಪೆ ಒಳಗಿನ ತಿರುಳಿಗೆ ಮಡಿಕೆ ಮಡಿಕೆಯಾಗಿ ನುಗ್ಗಿದ್ದರಿಂದ ಆದದ್ದು. ಜಾಯಿಕಾಯಿ ಕತ್ತರಿಸಿದರೂ ಇದೇ ಚಿತ್ತಾರ. ಜಾಯಿಕಾಯಿಯನ್ನು ಸುತ್ತಿದ ಕೆಂಪು ಜಾಪತ್ರೆ ಮಾತ್ರ ಬೇರೆ, ಅದು ಬೀಜದ ಮೇಲೆ ಬೆಳೆದ ಹೊದಿಕೆ.

ಗಟ್ಟಿ ಚಿಪ್ಪಿಲ್ಲದೆ ಪೂರ್ತಿ ಮೆತ್ತಗಿದ್ದರೆ ಅದು ಬೆರ್ರಿ. ಟೊಮೆಟೊ, ಬದನೆ, ಮುರುಗಲು, ಬಾಳೆ ಇವೆಲ್ಲ ಬೆರ್ರಿಗಳು. ಮಜಾ ಅಂದರೆ ಅಂಗಡಿಯ ಸ್ಟ್ರಾಬೆರ್ರಿ ಬೆರ್ರಿ ಅಲ್ಲ! ಬಾಳೆಹಣ್ಣಿನಲ್ಲಿ ಬೀಜ ಬಲಿಯುವುದೇ ಇಲ್ಲ, ನಡುವಿನ ಕಪ್ಪು ಚುಕ್ಕಿಗಳಷ್ಟೇ ಉಳಿದಿವೆ. ಘಟ್ಟದ ಬಂಡೆಗಳ ಮೇಲಿನ ಕಲ್ಲುಬಾಳೆಯ ಕಾಯಿ ಕೊಯ್ದು ನೋಡಿದರೆ ಗೊತ್ತಾಗುತ್ತದೆ, ಒಳಗೆ ತಿರುಳಿಗಿಂತ ಕಪ್ಪು ಬೀಜವೇ ಜಾಸ್ತಿ. ಕಂಚಿಕಾಯಿಯೂ ಒಂದು ಬಗೆಯ ಬೆರ್ರಿಯೇ. ಒಳಪದರದಿಂದ ಹುಟ್ಟಿದ ಕೂದಲುಗಳು ರಸ ತುಂಬಿಕೊಂಡು ತೊಳೆಯೊಳಗಿನ ರಸದ ಎಳೆಗಳಾಗಿವೆ.

ಎಷ್ಟು ಹೂವಿನದು?

ಇಲ್ಲೇ ಜಾಸ್ತಿ ಜನ ಎಡವುವುದು. ಮಾವು ಒಂದು ಹೂವಿನ ಒಂದು ಹಣ್ಣು. ಸೀತಾಫಲ ಒಂದೇ ಹೂವಿನದು, ಆದರೆ ಆ ಹೂವಿನಲ್ಲಿ ಬಿಡಿ ಬಿಡಿ ಅಂಡಾಶಯ ಹಲವು ಇದ್ದವು. ಅವೆಲ್ಲ ಒತ್ತೊತ್ತಾಗಿ ಬೆಳೆದು ಸೇರಿಕೊಂಡಿವೆ. ಹಲಸು ಇಡೀ ಹೂಗೊಂಚಲಿನದು.

ಅಂಗಳದಲ್ಲಿ ಪೇಪರು ಹಾಸಿ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಲಸು ಕೊರೆಯಿರಿ. ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂ. ನಡುವಿನ ದಿಂಡು ಆ ಹೂಗಳನ್ನೆಲ್ಲ ಹೊತ್ತ ಕಡ್ಡಿ. ಫಲ ಕಟ್ಟಿದ ಹೂ ತೊಳೆಯಾಯಿತು. ಫಲ ಕಟ್ಟದ ಹೂಗಳು ತೊಳೆಗಳ ನಡುವಿನ ಎಳೆ ಎಳೆ ನಾರಾಗಿ ಉಳಿದವು. ನಾವು ತಿನ್ನುವ ತೊಳೆ ಅಂಡಾಶಯವೂ ಅಲ್ಲ, ಹೂವಿನ ಹೊದಿಕೆ ದಪ್ಪಗಾದದ್ದು. ಬಕ್ಕೆ ಹಲಸಿನಲ್ಲಿ ತೊಳೆ ಗಟ್ಟಿ, ಬಿಡಿಸಿ ನೋಡಲು ಅದೇ ಒಳ್ಳೆಯದು.

ಅಂದಹಾಗೆ, ಬೇಸಿಗೆಯ ಮೊದಲು ಹಲಸಿನ ಮರದಡಿ ಕಪ್ಪಾದ ಸಣ್ಣ ಮಿಡಿಗಳು ಬಿದ್ದಾಗ ‘ಈ ವರ್ಷ ಕಾಯಿ ಎಲ್ಲ ಉದುರಿತು’ ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಗಂಡು ಹೂಗೊಂಚಲು. ಕೆಲಸ ಮುಗಿದು ಉದುರುವುದೇ ಅವುಗಳ ಕ್ರಮ.

ಬನವಾಸಿ ಕಡೆಯ ಅನಾನಸು, ಸಾರಿಗೆ ಹಾಕುವ ವಾಟೆಹುಳಿ ಕೂಡ ಹಲಸಿನಂತೆ ಹಲವು ಹೂ ಸೇರಿ ಆದವು. ಕಾಳುಮೆಣಸು ಹಾಗಲ್ಲ. ಗೊಂಚಲು ಒಂದೇ ಆದರೂ ಕಾಳುಗಳು ಒಂದಕ್ಕೊಂದು ಅಂಟಿಲ್ಲ, ಪ್ರತಿ ಕಾಳೂ ಬೇರೆ ಹಣ್ಣು.

ಗೇರು ಇನ್ನೊಂದು ತಮಾಷೆ. ರಸ ಹಿಂಡುವ ಕೆಂಪು-ಹಳದಿ ಹಣ್ಣು ಉಬ್ಬಿದ ತೊಟ್ಟು. ನಿಜವಾದ ಹಣ್ಣು ಕೆಳಗೆ ನೇತಾಡುವ ‘ಗೇರುಬೀಜ’, ಅದರೊಳಗಿನ ಪಪ್ಪು ಬೀಜ. ಹಸಿ ಗೇರುಬೀಜವನ್ನು ಮಾತ್ರ ಮಕ್ಕಳ ಕೈಗೆ ಒಡೆಯಲು ಕೊಡಬೇಡಿ. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಒಣ ಹಣ್ಣು: ಬಾಯಿ ಬಿಡುತ್ತದಾ?

ತಿರುಳಿಲ್ಲದ ಹಣ್ಣು ಒಣಗಿದಾಗ ತಾನೇ ಒಡೆಯುತ್ತದೋ ಇಲ್ಲವೋ ನೋಡಿ. ಅಲಸಂದೆ, ಉದ್ದು ಎರಡೂ ಅಂಚಿಗೆ ಸೀಳುತ್ತವೆ. ಎಕ್ಕದ ಕಾಯಿ ಒಂದೇ ಕಡೆ ಬಾಯಿ ಬಿಟ್ಟು ರೇಷ್ಮೆಯಂಥ ಕೂದಲಿನ ಬೀಜ ಹಾರಿಸುತ್ತದೆ. ಎಳ್ಳು, ಏಲಕ್ಕಿ, ಬೆಂಡೆ ಇವು ಕೋಣೆಗಳಿರುವ ಕ್ಯಾಪ್ಸೂಲ್. ಏಲಕ್ಕಿ ಅಡ್ಡ ಕತ್ತರಿಸಿದರೆ ಮೂರು ಕೋಣೆ ಸಿಗುತ್ತವೆ. ಒಡೆಯದೆ ಗಾಳಿಗೆ ಹಾರುವವೂ ಇವೆ. ಮತ್ತಿ ಮರದ ಕಾಯಿಗೆ ಐದು ರೆಕ್ಕೆ. ಹೊನ್ನೆಯದು ಸುತ್ತ ಅಂಚಿರುವ ದುಂಡನೆಯ ಬಿಲ್ಲೆ. ಕಾಡಂಚಿನಲ್ಲಿ ಬಿದ್ದದ್ದನ್ನು ಹೆಕ್ಕಿದರೆ ಸಾಕು.

ಹೆಕ್ಕುವಾಗ ಕಿತ್ತಳೆ ಬಣ್ಣದ ಕಾಸರಕದ ಹಣ್ಣು ಕಂಡರೆ ಮಕ್ಕಳಿಗೆ ಮೊದಲೇ ಹೇಳಿಡಿ. ನೋಡಲು ಆಸೆ ಹುಟ್ಟಿಸುತ್ತದೆ, ಒಳಗಿನ ಬೀಜ ಕಡುವಿಷ. ಹರಳು, ಗುಲಗಂಜಿಯೂ ವಿಷವೇ.

ಬೀಜ ಬಿಡಿಸುವುದು

ಅವರೆ ಕಾಳನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಒರೆಸಿ ಮೆಲ್ಲಗೆ ಹಿಂಡಿದರೆ ಹೊಕ್ಕುಳಿನ ಪಕ್ಕದಿಂದ ಒಂದು ಹನಿ ನೀರು ಉಕ್ಕುತ್ತದೆ. ಅಲ್ಲೊಂದು ತೂತು ಇದೆ. ಸಿಪ್ಪೆ ಸುಲಿದರೆ ಎರಡು ಬೇಳೆ, ಅಂದರೆ ಎರಡು ಬೀಜದಳ, ನಡುವೆ ಪುಟ್ಟ ಎಲೆಯೂ ಬೇರೂ. ಇಲ್ಲಿ ಬುತ್ತಿ ಇರುವುದು ಬೇಳೆಯಲ್ಲೇ. ಭತ್ತ, ಜೋಳ, ತೆಂಗಿಗೆ ಬೀಜದಳ ಒಂದೇ, ಬುತ್ತಿ ಬೇರೆ ಕಡೆ.

ಬುತ್ತಿಯೇ ಇಲ್ಲದ ಬೀಜವೂ ಉಂಟು. ಮರದ ಮೇಲೆ ಜೋತುಬೀಳುವ ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಬೀಜ ಬರೀ ಧೂಳು. ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆಯುವುದಿಲ್ಲ.

ರಟ್ಟಿಗೆ ಅಂಟಿಸುವ ಮೊದಲು

ನಾವು ಹಸಿ ಹಲಸಿನ ಬೇಳೆಯನ್ನು ಫೆವಿಕಾಲ್ ಹಾಕಿ ಅಂಟಿಸಿದೆವು. ಮಳೆ ಹಿಡಿದ ವಾರಕ್ಕೇ ರಟ್ಟಿನ ತುಂಬ ಬೂಷ್ಟು. ಮಾವು, ಹಲಸು, ಕೋಕೋ ಇಂಥವುಗಳ ಬೀಜ ಹಸಿಯಿದ್ದಾಗಲೇ ಬಿತ್ತುವಂಥದ್ದು. ಒಣಗಿಸಿದರೆ ಸಾಯುತ್ತವೆ, ಒಣಗಿಸದಿದ್ದರೆ ಕೊಳೆಯುತ್ತವೆ. ಅವುಗಳ ಚಿತ್ರ ಅಂಟಿಸಿ, ಬೀಜವನ್ನು ಸಸಿ ಬೆಳೆಸುವ ಮಣ್ಣಿನ ಕೊಟ್ಟೆಗೆ ಹಾಕಿ. ಕಾಳು, ಬೆಂಡೆ, ಎಳ್ಳು ಬಿಸಿಲಿನಲ್ಲಿ ಒಣಗಿಸಿ, ಸಣ್ಣ ಬಾಟಲಿಗೆ ಬೂದಿಯ ಜೊತೆ ಹಾಕಿಟ್ಟರೆ ಹುಳ ಹಿಡಿಯುವುದು ಕಡಿಮೆ. ಚೀಟಿಯಲ್ಲಿ ಊರಿನ ಹೆಸರು, ಹೆಕ್ಕಿದ ಜಾಗ, ಎಷ್ಟು ಹೂವಿನದು ಎಂದು ಬರೆಯಿರಿ.

ರಜೆ ಮುಗಿಸಿ ವಾಪಸು ಬಿಡಲು ಹೋದಾಗ ಕಾರವಾರದಲ್ಲಿ ಕಾಳಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಲಗೆ ದಾರಿಯಲ್ಲಿ ನಡೆದೆವು. ಕೊಂಬೆಯಿಂದ ಹಸಿರು ಕೋಲಿನಂಥವು ನೇತಾಡುತ್ತಿದ್ದವು. ‘ಇದು ಕೋಡಾ, ಅತ್ತೆ?’ ಅಂತ ಕೇಳಿದ. ಕೋಡಲ್ಲ. ಕಾಂಡ್ಲಾದ ಬೀಜ ಮರದ ಮೇಲಿರುವಾಗಲೇ ಹಣ್ಣಿನೊಳಗೆ ಮೊಳೆತು, ಹಣ್ಣನ್ನು ತೂರಿಕೊಂಡು ಹೊರಗೆ ಇಳಿಯುತ್ತದೆ. ಉಪ್ಪುನೀರಿನ ಕೆಸರಿಗೆ ಬಿದ್ದರೆ ಚುಚ್ಚಿ ನಿಲ್ಲುತ್ತದೆ, ಇಲ್ಲವಾದರೆ ತೇಲಿ ಹೋಗಿ ಬೇರೆಲ್ಲೋ ನೆಲೆ ಹುಡುಕುತ್ತದೆ. ಕಿತ್ತುಕೊಳ್ಳಲು ನಾನು ಬಿಡಲಿಲ್ಲ. ಪಟ್ಟಿಯಲ್ಲಿ ಇಪ್ಪತ್ತನೆಯದಾಗಿ ಅದರ ಚಿತ್ರ ಬರೆದ. ‘ಹಣ್ಣು’, ‘ಬೀಜ’ ಎರಡನ್ನೂ ಹೊಡೆದುಹಾಕಿ, ಪಕ್ಕದಲ್ಲಿ ‘ಸಸಿ’ ಅಂತ ಬರೆದ.