ಹಾಲು ಬಿಡಿಸುವ ದಿನ ಲಸಿಕೆ ಹಾಕುವುದನ್ನು ನಿಲ್ಲಿಸಿದೆ

"ಎರಡೆರಡು ಸಲ ಕರು ಹಿಡಿಯೋಕೆ ಯಾರ ಕೈಲಾಗುತ್ತೆ, ಕೂಲಿಗೇ ಲಾಭ ಹೋಗುತ್ತೆ" ಎಂದವರೇ ಈಗ ನನ್ನ ಹತ್ತಿರ ಕರುಗಳಿಗೆ ನ್ಯುಮೋನಿಯಾ ಲಸಿಕೆ ಯಾವ ವಾರ ಚುಚ್ಚಿದೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡುತ್ತೇನೆ.

ಮೊದಲ ಮೂರು ವರ್ಷ ತಾಯಿಯಿಂದ ಬೇರೆ ಮಾಡುವ ದಿನವೇ ಎಲ್ಲ ಮುಗಿಸುತ್ತಿದ್ದೆ: ಕಿವಿ ಓಲೆ, ಜಂತಿನ ಔಷಧಿ, ಬೀಜ ಒಡೆಯುವುದು, ನ್ಯುಮೋನಿಯಾ ಲಸಿಕೆ. ಕರುಗಳು ಮೂರು ದಿನ ಕೂಗಿ ಮೇವು ಬಿಡುತ್ತಿದ್ದವು. ಹತ್ತು ದಿನದೊಳಗೆ ಮೂಗು ಸೋರಿಕೆ, ಕಿವಿ ಜೋಲು, ಏದುಸಿರು. ಮೂರನೇ ವರ್ಷ 60ರಲ್ಲಿ 15-16 ಹಾಸಿಗೆ ಹಿಡಿದವು, 4 ಸತ್ತವು. ಒಂದು ಕರು ಸತ್ತ ದುಡ್ಡಿನಲ್ಲಿ ಇಡೀ ಮಂದೆಗೆ ಎರಡೂ ಡೋಸ್ ಹಾಕಿಯೂ ಕೈಯಲ್ಲಿ ಉಳಿಯುತ್ತದೆ. ಬದುಕಿದವೂ ನಷ್ಟವೇ. ಎರಡು ಸಲ ಆಂಟಿಬಯೋಟಿಕ್ ಕಂಡವು ಮಾರುವಾಗ ಜೊತೆಯವಕ್ಕಿಂತ ಸುಮಾರು 20 ಕಿಲೋ ಕಡಿಮೆ ತೂಗಿದವು.

ಈಗ ಕರು ತಾಯಿಯ ಜೊತೆ ನೆಮ್ಮದಿಯಾಗಿರುವಾಗಲೇ ಹಾಕುತ್ತೇನೆ. ಹಾಲು ಬಿಡಿಸಲು 7 ವಾರ ಇರುವಾಗ ಒಂದು, 3 ವಾರ ಇರುವಾಗ ಇನ್ನೊಂದು. ಐಬಿಆರ್, ಬಿವಿಡಿ, ಪಿಐ3, ಬಿಆರ್‌ಎಸ್‌ವಿ ಎಂಬ ನಾಲ್ಕು ದನದ ವೈರಸ್‌ಗಳಿಗೆ ಸೇರಿಸಿ ಒಂದು ಲೈವ್ ಲಸಿಕೆ (ಬಲ ಕುಂದಿಸಿದ ಜೀವಂತ ವೈರಸ್ಸಿನದು), ಜೊತೆಗೆ ನ್ಯುಮೋನಿಯಾ ತರುವ ಮ್ಯಾನ್‌ಹೈಮಿಯಾ ಬ್ಯಾಕ್ಟೀರಿಯಾದ್ದು. ತಾಯಿ ಗಬ್ಬವಿದ್ದು ಅದಕ್ಕೆ ಮೊದಲೇ ಲಸಿಕೆ ಆಗಿರದಿದ್ದರೆ ಹಾಲುಣ್ಣುವ ಕರುವಿಗೆ ಲೈವ್ ಮುಟ್ಟಬೇಡಿ, ಕರುವಿನಿಂದ ವೈರಸ್ ತಾಯಿಗೆ ದಾಟಿ ಗಬ್ಬ ಹೋದೀತು.

ಹೀಗೆ ಮಾಡಿದ ಮೊದಲ ವರ್ಷವೂ ಅರ್ಧ ಮಂದೆಗೆ ಲಸಿಕೆ ಕೈಕೊಟ್ಟಿತು. ಎರಡು ಸಿರಿಂಜ್ ಇದ್ದವು. ಒಂದನ್ನು ಹಿಂದಿನ ರಾತ್ರಿ ಕ್ರಿಮಿನಾಶಕದಲ್ಲಿ ತೊಳೆದಿಟ್ಟಿದ್ದೆ. ಕಾಯಿಲೆ ಬಿದ್ದ ಕರುಗಳ ಓಲೆ ನಂಬರ್ ತಾಳೆ ನೋಡಿದರೆ ಒಂದನ್ನು ಬಿಟ್ಟು ಎಲ್ಲವೂ ಆ ಸಿರಿಂಜಿನವು! ಒಳಗೆ ಉಳಿದ ಹನಿಯೇ ಲೈವ್ ಲಸಿಕೆಯನ್ನು ಕೊಂದಿತ್ತು. ಅಂದಿನಿಂದ ಬರೀ ಕುದಿಯುವ ನೀರು. ಬಾಟಲಿ ತಳದ ಒಣ ಲಸಿಕೆ ಬಿಲ್ಲೆಗೆ ದ್ರಾವಣ ಬಿಟ್ಟು ಅಂಗೈಯಲ್ಲಿ ಮೆಲ್ಲಗೆ ಹೊರಳಿಸುತ್ತೇನೆ, ನೊರೆ ಏಳುವಂತೆ ಕುಲುಕುವುದಿಲ್ಲ. ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಕಲೆಸುವುದು. ದೊಡ್ಡ ಬಾಟಲಿ ಅಗ್ಗ, ಆದರೆ ಉಳಿದದ್ದು ಚೆಲ್ಲಬೇಕು. ಲೆಕ್ಕ ಹಾಕಿದರೆ ಚಿಕ್ಕದೇ ಲಾಭ. ಒಂದು ಕರುವಿಗೆ ಚುಚ್ಚಿ ಇನ್ನೊಂದಕ್ಕೆ ಹೋಗುವ ನಡುವೆ ಸಿರಿಂಜ್ ಕೂಡ ಐಸ್ ಬಾಕ್ಸಿನಲ್ಲೇ, ಬಿಸಿಲಿಗೆ ಬಿಡುವುದಿಲ್ಲ.

ತಡವಾಗಿ ಹುಟ್ಟಿದ 11 ಕರುಗಳಿಗೆ ಮೂಗಿನೊಳಗೆ ಬಿಡುವ ಲಸಿಕೆ ಹಾಕಿ ನೋಡಿದೆ. ಗಿಣ್ಣುಹಾಲಿನಿಂದ ಬಂದ ರಕ್ಷಣೆ ಚುಚ್ಚುವ ಲಸಿಕೆಗೆ ಅಡ್ಡ ಬರುವಷ್ಟು ಇದಕ್ಕೆ ಬರುವುದಿಲ್ಲ. ಸೀನಿ ಅರ್ಧ ಹೊರಗೆ ಹಾಕುತ್ತವೆ, ತಲೆ ಎತ್ತಿ ಹಿಡಿಯಲು ಒಬ್ಬ ಬೇಕೇ ಬೇಕು. ಒಂದೂ ಕೆಮ್ಮಲಿಲ್ಲ. ಸಂಜೆ ಅಂಗಳದ ದೂಳಿಗೆ ನೀರು ಚಿಮುಕಿಸಿದ್ದೂ ಆ ವರ್ಷವೇ, ಹಾಗಾಗಿ ಪುಣ್ಯ ಯಾವುದಕ್ಕೆ ಸೇರಬೇಕೋ.

ಕೋಲಿಲ್ಲದೆ, ಓಡಿಸದೆ ಕರುಗಳನ್ನು ಲಸಿಕೆ ಹಾಕುವ ಇಕ್ಕಟ್ಟು ಓಣಿಗೆ ತರುವ ನನ್ನ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದವರಿಗೆ ತೋರಿಸುತ್ತೇನೆ. ಹೋದ ವರ್ಷ 64 ಕರು. ಜ್ವರ 40 ಡಿಗ್ರಿ ದಾಟಿದ್ದು ಎರಡಕ್ಕೆ, ಸತ್ತದ್ದು ಒಂದೂ ಇಲ್ಲ. ತಂದಿಟ್ಟ ಆಂಟಿಬಯೋಟಿಕ್‌ನಲ್ಲಿ ಒಂದು ಬಾಟಲಿಯ ಸೀಲ್ ಇನ್ನೂ ಒಡೆದಿಲ್ಲ.